ಉಳಿದ ಅರಿಷಿಣ

ಅಂಬರೀಷ ಅವತ್ತು ಬೆಳಗ್ಗೆ ಗಲ್ಲದ ಮೇಲೆ ಒಂದು ಬೆರಳು ಅರಿಷಿಣ ಹಚ್ಚಿಸಿಕೊಂಡಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಹಚ್ಚಲು ಬಂದವರೂ ಹೊರಗಿನವರಲ್ಲ, ಅವನು ಬಾಡಿಗೆಗಿದ್ದ ಮನೆಯ ಒಡತಿ ಅಖ್ತರಬೇಗಂ. ಹುಬ್ಬಳ್ಳಿಯ ಅಂಚಿನಲ್ಲಿ ಗಬ್ಬೂರಿನ ಬೈಪಾಸ್ ದಾಟಿ ಒಳಗೆ ಹೋದರೆ ಸಿಗುವ ಆ ಮನೆಯಲ್ಲಿ ಹಿಂದಿನ ದಿನವಷ್ಟೇ ಮಗಳು ಅಲ್ಫಿಯಾಳಿಗೆ ಹಳದಿ ಹಚ್ಚುವ ಶಾಸ್ತ್ರ ನಡೆದಿತ್ತು. ಬೋಗುಣಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಮದುಮಗಳಿಗೆ ಹಚ್ಚಿ ಉಳಿದ ಅರಿಷಿಣವನ್ನು ಮನೆಯಲ್ಲಿರುವ ಮದುವೆಯಾಗದವರಿಗೆ ಹಚ್ಚಿದರೆ ಅವರಿಗೂ ಬೇಗ ಕಂಕಣ ಕೂಡಿಬರುತ್ತದೆ ಎಂಬುದನ್ನು ಆ ಓಣಿಯಲ್ಲಿ ಎಲ್ಲ ಜಾತಿಯವರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

"ಬಾರೋ ಬೇಟಾ, ಒಂದೀಟ ಗಲ್ಲಕ್ಕ ಹಚ್ತೇನಿ. ನಿಂದೂ ಲಗೂ ಲಗ್ನ ಆಗ್ಲಿ."

"ಇವತ್ತೊಂದ ದಿನ ಬ್ಯಾಡ್ರಿ ಚಾಚಿ," ಎಂದು ಅಂಬರೀಷ ಬಲೆಯನ್ನು ಹೆಗಲಿಗೇರಿಸಿಕೊಂಡು ಹಿಂದೆ ಸರಿದ. "ನಮ್ಮ ಗುರುಬಸವ ಸರ್ ಬರಾಕತ್ತಾರ. ಕರುಣಾನ ಅಪ್ಪಾರೂ ಬರ್ತಾರ. ಮಾರಿ ಹಳದಿ ಮಾಡ್ಕೊಂಡು ನಿಂತ್ರ ಏನ್ ತಿಳ್ಕೊಂಡಾರು?"

"ಒಳ್ಳೆ ಹುಡುಗ ಅಂತ ತಿಳ್ಕೋತಾರ. ಮತ್ತೇನ್ ತಿಳ್ಕೋತಾರ?"

"ಸಂಜೀಮುಂದ ಹಚ್ರಿ ಚಾಚಿ. ಎಷ್ಟ ಬೇಕಾದ್ರೂ ಹಚ್ರಿ," ಎಂದವನೇ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಅಖ್ತರಬೇಗಂ ಬೋಗುಣಿ ಹಿಡಿದು ನಿಂತೇ ಇದ್ದರು. ಶಾಸ್ತ್ರದ ಅರಿಷಿಣ ಹಾಳಾಗಿ ಹೋಗುತ್ತದಲ್ಲ ಎಂದು ಅವರಿಗೆ ಸಂಕಟ.

ಅಂಬರೀಷನದು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಪಿಎಚ್.ಡಿ. ಗೀಜಗ ಹಕ್ಕಿಯ ಗರಿಯ ಬಣ್ಣಕ್ಕೂ ಅದರ ಮೈಯಲ್ಲಿರುವ ಕೊಬ್ಬಿಗೂ ಏನು ಸಂಬಂಧ ಎಂಬುದು ವಿಷಯ. ಮಳೆಗಾಲ ಬಂತೆಂದರೆ ಗಂಡು ಗೀಜಗದ ನೆತ್ತಿ, ಎದೆ ಹಳದಿಯಾಗುತ್ತವೆ. ಚೆನ್ನಾಗಿ ತಿಂದುಂಡು ಗಟ್ಟಿಮುಟ್ಟಾಗಿರುವ ಗಂಡು ಹೆಚ್ಚು ಹಳದಿ, ಬಡಕಲು ಗಂಡು ಸಪ್ಪೆ. ಹೆಣ್ಣು ಆ ಬಣ್ಣ ನೋಡಿಯೇ ಗಂಡಿನ ಕಸುವನ್ನು ಅಳೆದು ಒಪ್ಪುತ್ತದೆ ಎಂದು ಅಂಬರೀಷನ ವಾದ. ಇದನ್ನು ತೋರಿಸಿಕೊಡಲು ಅವನು ಮನೆಯ ಹಿಂದಿನ ಹಳೇ ಬಾವಿಯ ಕಟ್ಟೆಯ ಮೇಲೆ ವರ್ಷಗಟ್ಟಲೆ ಕೂತಿದ್ದ. ಬಾವಿಯ ಮೇಲೆ ಬಾಗಿದ ಜಾಲಿಯ ಮರದ ತುಂಬ ಗೂಡುಗಳು. ಹಕ್ಕಿಯನ್ನು ಬಲೆಯಲ್ಲಿ ಹಿಡಿಯಬೇಕು, ಕಾಲಿಗೆ ಗುರುತಿನ ಉಂಗುರ ಹಾಕಬೇಕು, ಬಣ್ಣ ನೋಡಬೇಕು, ತೂಗಬೇಕು. ಆಮೇಲೆ ಜ್ಯೂಸ್ ಕುಡಿಯುವ ಕೊಳವೆಯಿಂದ ಅದರ ಎದೆಗೆ ಉಫ್ ಎಂದು ಊದಿ, ಗರಿ ಸರಿದಾಗ ಚರ್ಮದ ಕೆಳಗೆ ಕೊಬ್ಬು ಎಷ್ಟಿದೆ ಎಂದು ನೋಡಿ ಬಿಟ್ಟುಬಿಡಬೇಕು. ಅವನು ಹೀಗೆ ಊದುವುದನ್ನು ಕಂಡ ಓಣಿಯವರು ಮೊದಲ ವರ್ಷ ಅವನನ್ನು ಮಂತ್ರ ಹಾಕುವವನೆಂದು ತಿಳಿದು ಅಳುವ ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಅಲ್ಲವೆಂದು ಗೊತ್ತಾದ ಮೇಲೆ ಅವನ ಬಗ್ಗೆ ಇದ್ದ ಗೌರವ ಸ್ವಲ್ಪ ಇಳಿಯಿತು.

ಇನ್ನು ಕರುಣಾ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕರುಣಾಳಿಗೂ ಅಂಬರೀಷನಿಗೂ ಮನಸ್ಸು ಕೂಡಿ ಬಹಳ ದಿನವಾಗಿತ್ತು. ಅವಳ ತಂದೆ ಅರ್ಜುನಪ್ಪನವರು ಶಿಕ್ಷಣ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಮೇಲಧಿಕಾರಿಯ ರುಜು ಇಲ್ಲದ ಯಾವುದನ್ನೂ ಅವರು ಜೀವನದಲ್ಲಿ ನಂಬಿದವರಲ್ಲ. "ಹುಡುಗ ಛಲೋ ಅದಾನ, ಇಲ್ಲ ಅನ್ನಂಗಿಲ್ಲ. ಆದ್ರ ಪಿಎಚ್.ಡಿ. ಮುಗೀತು ಅನ್ನೂ ಮಾತು ಅವರ ಸರ್ ಬಾಯಿಂದ ನನ್ನ ಕಿವಿಗೆ ಬೀಳಬೇಕು. ಬಿದ್ದ ದಿನಾನ ತಾರೀಖ ಗೊತ್ತ ಮಾಡೂಣು," ಎಂದಿದ್ದರು. ಅವನ ಸಂಶೋಧನೆಗೆ ಗೈಡ್ ಆಗಿದ್ದ ಗುರುಬಸವ ಸರ್ ಕೂಡ, "ಕಡೀಕ ಒಂದ ಹಕ್ಕಿ ನನ್ನ ಕೈಯಾರೆ ಹಿಡದ ನೋಡ್ತೇನಿ. ಸರಿ ಅನ್ನಿಸ್ತಂದ್ರ ಬರದ ಸಲ್ಲಿಸಿಬಿಡು," ಎಂದಿದ್ದರು. ಆ ಒಂದು ಹಕ್ಕಿ, ಆ ಒಂದು ಮಾತು, ಎರಡೂ ಇವತ್ತಿಗೆ ಕೂಡಿಬಂದಿದ್ದವು.

ಆ ಒಂದು ಹಕ್ಕಿಗೆ ನೀಲಿ ಉಂಗುರವಿತ್ತು. ಬಾವಿಯ ಮೇಲಿದ್ದ ಗಂಡುಗಳಲ್ಲೆಲ್ಲ ಸಪ್ಪೆ ಅದು, ಎಲ್ಲಕ್ಕಿಂತ ಬಡಕಲೂ ಅದೇ. ಗೀಜಗದಲ್ಲಿ ಗಂಡು ಅರ್ಧ ಗೂಡು ಹೆಣೆದು ನೇತುಬಿದ್ದು ಕೂಗುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಗಂಡು ಉಳಿದರ್ಧವನ್ನು, ಕೆಳಗಿನ ಉದ್ದನೆ ಕೊಳವೆಯನ್ನು, ಹೆಣೆಯುತ್ತದೆ. ನೀಲಿ ಉಂಗುರದವನದು ಅರ್ಧಕ್ಕೇ ನಿಂತ ಸಂಸಾರ. ಹೆಣ್ಣುಗಳು ಬರುತ್ತಿದ್ದವು, ಒಂದು ಗಳಿಗೆ ನೋಡುತ್ತಿದ್ದವು, ಪಕ್ಕದ ಗೂಡಿಗೆ ಹೋಗುತ್ತಿದ್ದವು. ಗೋಡೆಯಾಚೆಯ ಮನೆಯ ಮುದುಕಿ ಗುಡ್ಡವ್ವ ಅದಕ್ಕೆ ಬ್ರಹ್ಮಚಾರಿ ಎಂದು ಹೆಸರಿಟ್ಟಿದ್ದಳು. ದಿನಾ ಸಂಜೆ ಧಾರಾವಾಹಿ ಶುರುವಾಗುವ ಮೊದಲು ಗೋಡೆಯ ಮೇಲಿಂದ ಅವಳ ತಲೆ ಕಾಣಿಸುತ್ತಿತ್ತು.

"ಏನಪಾ ತಮ್ಮಾ, ಬ್ರಹ್ಮಚಾರೀದು ಏನರೆ ಕುದುರ್ತೇನು?"

"ಇಲ್ಲ ಆಯಿ. ಇವತ್ತೂ ಒಂದ ಬಂದು ನೋಡಿ ಹೋತು."

"ಪಾಪ. ಉಂಗುರ ಹಾಕ್ಯಾರ, ಅಕ್ಕಿಕಾಳ ಹಾಕೂದೊಂದ ಉಳದೈತಿ. ಥೇಟ್ ನಿನ್ನಂಗ."

ಅವತ್ತು ಅದೃಷ್ಟ ಚೆನ್ನಾಗಿತ್ತು. ಬಲೆ ಕಟ್ಟಿ ಬಾವಿ ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಬ್ರಹ್ಮಚಾರಿ ತಾನಾಗಿಯೇ ಬಂದು ಬಿತ್ತು. ಅಂಬರೀಷ ಊದಿ ನೋಡಿದ. ಕೊಬ್ಬು ಹೆಸರಿಗೂ ಇಲ್ಲ. ಬಣ್ಣ ಹಳೇ ಗೋಣಿಚೀಲದ್ದು. ಇಷ್ಟು ಚೆಂದದ ಬಡಕಲು ಹಕ್ಕಿ ಪ್ರಪಂಚದಲ್ಲಿ ಇನ್ನೊಂದಿಲ್ಲ ಎನ್ನಿಸಿ ಅವನ ಕಣ್ಣು ತುಂಬಿಬಂತು. ಸಂತೋಷದಲ್ಲೇ ತೂಗಲು ಹೋದರೆ ಬ್ಯಾಟರಿಯ ಪುಟ್ಟ ತಕ್ಕಡಿ ಕಣ್ಣು ಬಿಡಲಿಲ್ಲ. ಅಂಗಿಯ ಗುಂಡಿಯಷ್ಟಿದ್ದ ಅದರ ಸೆಲ್ಲು ಸತ್ತುಹೋಗಿತ್ತು.

ಹಕ್ಕಿಯನ್ನು ಪಡಸಾಲೆಯಲ್ಲಿ ಬುಟ್ಟಿಯ ಕೆಳಗೆ ಬಿಟ್ಟು, ಒಂದಿಷ್ಟು ನುಚ್ಚು, ಬಟ್ಟಲಲ್ಲಿ ನೀರು ಇಟ್ಟ. ಒಳಗೆ ಕೂಗಿ ಹೇಳಿದ, "ಚಾಚಿ, ಬ್ರಹ್ಮಚಾರಿ ಬುಟ್ಟ್ಯಾಗ ಐತ್ರಿ. ಇಲ್ಲೇ ಕ್ರಾಸಿಗೆ ಹೋಗಿ ಸೆಲ್ ತರ್ತೇನಿ. ಬೆಕ್ಕ ಬರಧಂಗ ನೋಡ್ರಿ. ಅದರ ಮ್ಯಾಲೆ ನನ್ನ ಲಗ್ನ ನಿಂತೈತಿ!"

"ಹೌದೇನೋ? ನೀ ಹೋಗ್ ಬಾ, ನಾ ನೋಡ್ಕೋತೇನಿ," ಎಂದರು ಅಖ್ತರಬೇಗಂ. ಅವರ ದನಿಯಲ್ಲಿ ಆಗಲೇ ಏನೋ ಒಂದು ಹುರುಪಿತ್ತು. ಅಂಬರೀಷನಿಗೆ ಅದು ಕೇಳಿಸಲಿಲ್ಲ.

ಗಬ್ಬೂರ ಕ್ರಾಸಿನ ಅಂಗಡಿಯಲ್ಲಿ ಟಾರ್ಚಿನ ಸೆಲ್ಲಿತ್ತು, ಗಡಿಯಾರದ ಸೆಲ್ಲಿತ್ತು, ತಕ್ಕಡಿಯದು ಇರಲಿಲ್ಲ. "ಕೇಶ್ವಾಪುರದಾಗ ಸಿಗತೈತ್ರಿ," ಎಂದ ಅಂಗಡಿಯವನು, ಕೇಶ್ವಾಪುರ ಎದುರಿನ ಓಣಿಯಲ್ಲೇ ಇದ್ದಂತೆ. ಅಂಬರೀಷ ಓಡಿ ಬಂದು ಅಖ್ತರಬೇಗಂ ಅವರ ಗಂಡ ಮಕ್ತುಮಸಾಬರ ಸ್ಕೂಟರ್ ಕೇಳಿ ಪಡೆದು, ಹುಬ್ಬಳ್ಳಿಯ ಗುಂಡಿಗಳನ್ನೆಲ್ಲ ಒಂದೂ ಬಿಡದೆ ಹತ್ತಿಳಿದು ಕೇಶ್ವಾಪುರ ಮುಟ್ಟಿದ. ಸೆಲ್ಲು ಕೈಗೆ ಬರುತ್ತಿದ್ದಂತೆ ಕರುಣಾಳ ಫೋನು.

"ಅಪ್ಪಾ ಇಸ್ತ್ರಿ ಅಂಗಿ ಹಾಕ್ಕೊಂಡು ನಿಮ್ಮ ಸರ್ ಕಾರಿನ್ಯಾಗ ಹೊಂಟ್ರು ನೋಡ್ರಿ. ಚೀಲದಾಗ ಕ್ಯಾಲೆಂಡರ ಇಟ್ಕೊಂಡಾರ."

"ಕ್ಯಾಲೆಂಡರ ಯಾಕ?"

"ಅಲ್ಲೇ ತಾರೀಖ ಗೊತ್ತ ಮಾಡಾಕ! ಖುಷೀಲೆ ಅದಾರ. ದಯಮಾಡಿ ಏನೂ ಹಾಳ ಮಾಡ್ಕೋಬ್ಯಾಡ್ರಿ."

"ಏನ್ ಹಾಳಾಗತೈತಿ? ಹಕ್ಕಿ ಬುಟ್ಟ್ಯಾಗ ಐತಿ. ಎಲ್ಲಾ ಮುಗಧಂಗ," ಎಂದ ಅಂಬರೀಷ.

ಮನೆಗೆ ಬಂದಾಗ ಬುಟ್ಟಿಯ ಒಂದು ಪಕ್ಕ ಅಖ್ತರಬೇಗಂ, ಇನ್ನೊಂದು ಪಕ್ಕ ಗುಡ್ಡವ್ವ ಕೂತಿದ್ದರು. ಇಬ್ಬರ ಮುಖದಲ್ಲೂ ದೊಡ್ಡ ಪುಣ್ಯದ ಕೆಲಸ ಮಾಡಿ ಮುಗಿಸಿದ ಸಮಾಧಾನ. ಇಬ್ಬರ ಬೆರಳೂ ಹಳದಿಯಾಗಿದ್ದವು. ಅಂಬರೀಷ ಅದನ್ನು ಗಮನಿಸದೆ ಬುಟ್ಟಿ ಎತ್ತಿದ.

ಒಳಗೆ ಕೂತಿದ್ದ ಹಕ್ಕಿ ಚೆಂಡುಹೂವಿನಂತೆ ಹೊಳೆಯುತ್ತಿತ್ತು.

"ಚಾಚಿ, ನನ್ನ ಹಕ್ಕಿ ಎಲ್ಲೈತ್ರಿ? ಇದ ಯಾವುದು?"

"ಇದ ನಿನ್ನ ಹಕ್ಕಿನೋ. ಉಂಗುರ ನೋಡಲಾ."

ಉಂಗುರ ನೀಲಿ. ಉಳಿದದ್ದೆಲ್ಲ ಹಳದಿ. ಅಂಬರೀಷ ಬುಟ್ಟಿ ಮುಚ್ಚಿ, ಮತ್ತೊಮ್ಮೆ ಎತ್ತಿ ನೋಡಿದ.

"ಮದುಮಗಳ ಅರಿಷಿಣ ಚಲ್ಲಬಾರದು," ಎಂದು ಅಖ್ತರಬೇಗಂ ಬಿಡಿಸಿ ಹೇಳಿದರು. "ಮನ್ಯಾಗ ಲಗ್ನ ಆಗಲಾರದವ್ರು ಯಾರದಾರ ಅಂತ ವಿಚಾರ ಮಾಡಿದ್ವಿ. ಒಬ್ಬಾಂವ ನೀ. ನೀ ಒಲ್ಲೆ ಅಂದಿ. ಇನ್ನೊಬ್ಬಾಂವ ಬುಟ್ಟ್ಯಾಗ ಇದ್ದ. ಮ್ಯಾಲ ನೀನ ಹೇಳಿ ಹ್ವಾದಿ, ಅದರ ಮ್ಯಾಲೆ ನನ್ನ ಲಗ್ನ ನಿಂತೈತಿ ಅಂತ. ಮೊದಲ ಅದರದ ಆಗಲಿ, ಆಮ್ಯಾಲ ನಿಂದ ತಾನ ಆಗತೈತಿ ಅಂದ್ವಿ."

"ಪಾಪ, ಹಚ್ಚಿಸ್ಕೊಳ್ಳುಮುಂದ ಒಂದೀಟೂ ಅಳಲಿಲ್ಲ," ಎಂದಳು ಗುಡ್ಡವ್ವ. "ಅದಕ್ಕೂ ಆಸೆ ಇತ್ತು ಬಿಡು."

"ಅಯ್ಯೋ ಆಯಿ! ಇದರ ಮಾರಿ ಸಪ್ಪಗ ಇರಬೇಕ್ರಿ! ಸಪ್ಪಗ ಇದ್ರನ ನನ್ನ ಪಿಎಚ್.ಡಿ.! ಮೈಯಾಗ ಕೊಬ್ಬ ಇಲ್ಲದ ಹಕ್ಕಿ ಹಿಂಗ ಹೊಳದ್ರ ನಾ ಇಷ್ಟ ವರ್ಷ ಬರದದ್ದೆಲ್ಲಾ ಸುಳ್ಳಾಗತೈತ್ರಿ!"

ಅವನ ಮುಖ ನೋಡಿ ಇಬ್ಬರಿಗೂ ನಿಜವಾಗಿ ಕನಿಕರವಾಯಿತು. ಕನಿಕರವಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ಇಬ್ಬರದೂ ಅಲ್ಲ. "ಇಷ್ಟಕ್ಯಾಕ ಕಣ್ಣಾಗ ನೀರ? ತೊಳದ್ರಾತು," ಎಂದು ಗುಡ್ಡವ್ವ ಬಚ್ಚಲಿನಿಂದ ಸಾಬೂನಿನ ನೀರು ತಂದಳು. ಅಂಬರೀಷ ಹಕ್ಕಿ ಹಿಡಿದ, ಗುಡ್ಡವ್ವ ಅರಿವೆಯ ಚುಂಗು ಅದ್ದಿ ಅದರ ಎದೆ ಒರೆಸಿದಳು. ಹಳದಿ ಹೋಯಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಆ ಜಾಗಕ್ಕೆ ಕೆಂಪು ಬಂತು. ಒರೆಸಿದಷ್ಟೂ ಕೆಂಪಾಯಿತು.

"ಅಯ್ಯಯ್ಯ, ಓಕುಳಿ ಆತಲ್ಲೋ!" ಎಂದಳು ಗುಡ್ಡವ್ವ.

ಅರಿಷಿಣಕ್ಕೆ ಸುಣ್ಣ ಬೆರೆಸಿದರೆ ಓಕುಳಿಯ ಕೆಂಪು ಬರುವುದು ಆರತಿ ತಟ್ಟೆ ಹಿಡಿದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಸಾಬೂನೂ ಅದೇ ಕೆಲಸ ಮಾಡುತ್ತದೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೆಂಪು ಗೀಜಗವನ್ನು ಅಂಗೈಯಲ್ಲಿ ಹಿಡಿದುಕೊಂಡ ಅಂಬರೀಷನಿಗೆ ಅಳಬೇಕೋ ಓಡಬೇಕೋ ತಿಳಿಯಲಿಲ್ಲ.

ಗದ್ದಲ ಕೇಳಿ ಮಕ್ತುಮಸಾಬರು ಹೊರಗೆ ಬಂದರು. ಲಾರಿಗಳಿಗೆ ಬಣ್ಣ ಹೊಡೆಯುವ ಕಸುಬಿನಲ್ಲಿ ತಲೆ ಹಣ್ಣಾದವರು. ಹಕ್ಕಿಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಪೇಂಟ್ ಇದ್ರ ಟಿನ್ನರ್ ಹಾಕಿ ತಗದಬಿಡ್ತಿದ್ದೆ. ಇದ ಲಗ್ನದ ಅರಿಷಿಣ. ಇದಕ್ಕ ನನ್ನ ಕಡೆ ಔಷಧ ಇಲ್ಲ," ಎಂದು ಹೇಳಿ ಶಾಮಿಯಾನದವನನ್ನು ವಿಚಾರಿಸಲು ಹೊರಟುಹೋದರು.

"ಲಿಂಬಿಹಣ್ಣ ಹಿಂಡಿದ್ರ ಕೆಂಪ ಹೋಗತೈತಿ," ಎಂದರು ಅಖ್ತರಬೇಗಂ. ಹಿಂಡಿದರು. ಕೆಂಪು ಹೋಯಿತು, ಅವರ ಮಾತು ಸುಳ್ಳಾಗಲಿಲ್ಲ. ಹೋದ ಜಾಗಕ್ಕೆ ಮೊದಲಿನ ಹಳದಿಯೇ ತಿರುಗಿ ಬಂತು. ಮೊದಲಿಗಿಂತ ಒಂದು ಕೈ ಹೆಚ್ಚೇ ಇತ್ತು. ಒದ್ದೆಯಾಗಿ ನಡುಗುತ್ತಿದ್ದ ಹಕ್ಕಿಯನ್ನು ನೋಡಲಾರದೆ ಮದುಮಗಳು ಅಲ್ಫಿಯಾ ಒಳಗಿನಿಂದ ತನ್ನ ಕೂದಲು ಆರಿಸುವ ಯಂತ್ರ ತಂದು, ಮೆಹಂದಿ ಹಚ್ಚಿದ ಕೈಯಿಂದಲೇ ಬೆಚ್ಚನೆ ಗಾಳಿ ಬಿಟ್ಟಳು. ಬ್ರಹ್ಮಚಾರಿ ಕಣ್ಣು ಅರ್ಧ ಮುಚ್ಚಿ ಕೂತಿತು. ಗರಿ ಉಬ್ಬಿ, ಮೈ ಒಣಗಿ, ಲಿಂಬೆಯ ವಾಸನೆ ಹೊತ್ತು, ಅದು ಯಾವ ಬೀಗರ ಮನೆಗೆ ಬೇಕಾದರೂ ಹೋಗಿ ನಿಲ್ಲುವಂತೆ ತಯಾರಾಯಿತು.

ಬಾಗಿಲಲ್ಲಿ ಕಾರು ನಿಂತಿತು.

ಗುರುಬಸವ ಸರ್ ಇಳಿದರು. ಹಿಂದಿನ ಬಾಗಿಲಿನಿಂದ ಅರ್ಜುನಪ್ಪನವರು, ಕಂಕುಳಲ್ಲಿ ಚೀಲ, ಚೀಲದ ಬಾಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್. ಅಂಬರೀಷ ಬುಟ್ಟಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದ.

"ನಮಸ್ಕಾರ್ರಿ ಸರ್. ನಮಸ್ಕಾರ್ರಿ ಮಾ... ಕಾಕಾ. ಮೊದಲ ಚಾ ಕುಡೀರಿ. ಊಟಾನೂ ಐತ್ರಿ. ಲಗ್ನದ ಮನಿ."

"ಚಾ ಆಮೇಲೆ ಆಗ್ತದ. ಹಕ್ಕಿ ಎಲ್ಲಿ?" ಎಂದರು ಸರ್.

ಮುಂದೆ ಆಗುವುದನ್ನು ತಡೆಯುವ ಶಕ್ತಿ ಅಂಬರೀಷನಿಗಿರಲಿಲ್ಲ. ಎಲ್ಲರೂ ಬಾವಿ ಕಟ್ಟೆಗೆ ಬಂದರು. ಸರ್ ಬುಟ್ಟಿಯೊಳಗೆ ಕೈ ಹಾಕಿ ಹಕ್ಕಿಯನ್ನು ನವಿರಾಗಿ ಹೊರತೆಗೆದರು. ಮೊದಲು ಉಂಗುರ ನೋಡಿದರು. ಆಮೇಲೆ ಎದೆ ನೋಡಿದರು. ಕಿಸೆಯಿಂದ ಕೊಳವೆ ತೆಗೆದು ಊದಿದರು. ಮತ್ತೊಮ್ಮೆ ಊದಿದರು.

"ಅಂಬರೀಷ, ಕೊಬ್ಬ ಇಲ್ಲಲ್ಲೋ."

"ಇಲ್ರಿ ಸರ್."

"ಬಣ್ಣ ಇಷ್ಟ ಅದ."

"ಐತ್ರಿ ಸರ್."

"ಹೋದ ವಾರ ನೀ ಕಳಿಸಿದ ಫೋಟೋದಾಗ ಇದ ಹಕ್ಕಿ ಸಪ್ಪಗ ಇತ್ತು. ಗರಿ ಉದುರಿಲ್ಲ, ಹೊಸಾವು ಹುಟ್ಟಿಲ್ಲ. ಬಣ್ಣ ಎಲ್ಲಿಂದ ಬಂತು?" ಎಂದವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಅದೂ ಹಳದಿಯಾಗಿತ್ತು. ಮೂಸಿದರು. "ಲಿಂಬಿಹಣ್ಣು?"

ಸುಳ್ಳು ಹೇಳಲು ಅಂಬರೀಷನಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಗುಡ್ಡವ್ವ ಬಿಡುತ್ತಿರಲಿಲ್ಲ. ಅವನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಹೇಳಿ ಮುಗಿಸಿದಳು, ಓಕುಳಿಯ ಸಂಗತಿಯನ್ನೂ ಬಿಡದೆ. ಸರ್ ಅವರ ಮುಖ ನಿಧಾನವಾಗಿ ಕೆಂಪಾಯಿತು, ಸಾಬೂನು ತಾಗದೆಯೇ.

"ಸಂಶೋಧನಾ ಮಾಡೂ ಹಕ್ಕಿಗೆ ಅರಿಷಿಣ? ಇದೇನ ವಿಜ್ಞಾನೋ ಇಲ್ಲಾ ಬೀಗರ ಊಟೋ?" ಎಂದು ಸರ್ ಎರಡೂ ಕೈ ಮೇಲೆತ್ತಿದರು. ಎತ್ತಿದ ಕೈಯಲ್ಲಿ ಹಕ್ಕಿ ಇತ್ತೆಂಬುದು ಅವರಿಗೆ ನೆನಪಾಗುವಷ್ಟರಲ್ಲಿ ಅದು ಹಾರಿಯಾಗಿತ್ತು.

ಹಾರಿದ್ದು ದೂರ ಹೋಗಲಿಲ್ಲ. ಸೀದಾ ತನ್ನ ಅರ್ಧ ಗೂಡಿಗೆ ಹೋಗಿ, ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿದು ಕೂಗಿತು. ಅರ್ಜುನಪ್ಪನವರು ಇದರಲ್ಲಿ ತಾವು ನೋಡಬೇಕಾದ್ದೇನು ಎಂದು ತಿಳಿಯದೆ ಕ್ಯಾಲೆಂಡರ್ ಹಿಡಿದು ನಿಂತರು. ಅಂಬರೀಷ ನೆಲ ನೋಡುತ್ತಿದ್ದ. ಆಗ ಗುಡ್ಡವ್ವನ ದನಿ ಬಂತು.

"ಏ ತಮ್ಮಾ, ಹೆಣ್ಣ ಬಂತು ನೋಡಲಾ!"

ಒಂದು ಹೆಣ್ಣು ಬಂದು ಕೊಂಬೆಯ ಮೇಲೆ ಕೂತಿತ್ತು. ಬ್ರಹ್ಮಚಾರಿಯನ್ನು ನೋಡಿತು. ಹತ್ತಿರ ಬಂದು ಇನ್ನೊಮ್ಮೆ ನೋಡಿತು. ಗೂಡಿನೊಳಗೆ ಹೋಗಿ ಹುಲ್ಲು ಜಗ್ಗಿ ಪರೀಕ್ಷೆ ಮಾಡಿತು. ಎಲ್ಲ ಹೆಣ್ಣುಗಳೂ ಹೊರಟುಹೋಗುವ ಗಳಿಗೆ ಅದು. ಇದು ಹೋಗಲಿಲ್ಲ. ಅಲ್ಲೇ ಒಳಗೆ ಜಮಾಯಿಸಿ ಕೂತಿತು. ಬ್ರಹ್ಮಚಾರಿ ಒಂದು ಗಳಿಗೆ ತನಗೇ ನಂಬಿಕೆಯಾಗದಂತೆ ಸುಮ್ಮನಿದ್ದು, ಆಮೇಲೆ ಬಾಣದಂತೆ ಹೊಲದ ಕಡೆ ಹೋಗಿ, ಹಸಿರು ಹುಲ್ಲಿನ ಎಳೆ ಕಚ್ಚಿಕೊಂಡು ಬಂದು, ಗೂಡಿನ ಕೆಳಗಿನ ಕೊಳವೆಯ ಮೊದಲ ಸುತ್ತು ಹಾಕಿತು.

"ಕುದುರ್ತು!" ಎಂದು ಗುಡ್ಡವ್ವ ಚಪ್ಪಾಳೆ ಹೊಡೆದಳು. ಅಖ್ತರಬೇಗಂ ದುಪಟ್ಟಾದ ಚುಂಗಿನಿಂದ ಕಣ್ಣೊರೆಸಿಕೊಂಡರು. ಅಂಬರೀಷನಿಗೂ, ಇದ್ದ ಸಂಕಟವನ್ನೆಲ್ಲ ಮರೆತು, ಒಂದು ಕ್ಷಣ ಎದೆ ಅರಳಿತು. ಇಷ್ಟು ದಿನ ಜೊತೆಗೆ ಕಾದವನಲ್ಲವೇ.

ಗುರುಬಸವ ಸರ್ ಇಷ್ಟು ಹೊತ್ತು ಕಣ್ಣಿಗೆ ಹಿಡಿದಿದ್ದ ದುರ್ಬೀನು ಇಳಿಸಿದರು. ಅವರ ಮುಖದಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬಂದು ಅಂಬರೀಷನನ್ನು ತಬ್ಬಿಕೊಂಡರು.

"ಶಭಾಷ್! ಬಂಗಾರದಂಥಾ ಕೆಲಸ ಮಾಡೀರಿ!"

ಅರ್ಜುನಪ್ಪನವರ ಮುಖ ಅರಳಿತು. ಕ್ಯಾಲೆಂಡರಿನ ಸುರುಳಿ ಬಿಚ್ಚಿದರು. "ಹಂಗಂದ್ರ ಮುಗೀತು ಅನ್ರಿ ಸರ್?"

"ಮುಗ್ಯೂದ? ಏನಂತೀರಿ, ಈಗ ಸುರು ಆತು!" ಎಂದರು ಸರ್. "ಹಕ್ಕಿ ಮೈಯಾಗ ಕೊಬ್ಬ ಇಲ್ಲ, ಹೆಣ್ಣ ಒಪ್ಪಿಬಿಡ್ತು. ಅಂದ್ರ ಹೆಣ್ಣು ಗಂಡಿನ ಕಸುವ ನೋಡ್ತದೋ, ಬರೇ ಬಣ್ಣ ನೋಡಿ ಮೋಸ ಹೋಗ್ತದೋ? ಈ ಪ್ರಶ್ನೇನ ನಾವು ಕೇಳಿರಲಿಲ್ಲ! ಇದನ್ನ ಬಿಟ್ಟು ಬರದ್ರ ಆ ಪ್ರಬಂಧಕ್ಕ ಏನ್ ಕಿಮ್ಮತ್ತು? ಮುಂದಿನ ಮಳಿಗಾಲ ಸಪ್ಪನ ಹಕ್ಕಿಗೆಲ್ಲಾ ಬಣ್ಣ ಹಚ್ಚೂದು. ಅದರ ಮುಂದಿನ ಮಳಿಗಾಲ ಹಳದೀವು ಇದ್ದದ್ದನ್ನ ಸಪ್ಪಗ ಮಾಡೂದು. ಆಮೇಲೆ ಬರ್ಯೂದು." ಅಷ್ಟು ಹೇಳಿ ಅಖ್ತರಬೇಗಂ ಕಡೆ ತಿರುಗಿ ಕೈಮುಗಿದರು. "ಅಮ್ಮಾರ, ಅರಿಷಿಣ ಮಾತ್ರ ನೀವ ಅರದ ಕೊಡಬೇಕ್ರಿ. ಇದ ಹದ ಇರಬೇಕು."

"ಅದಕ್ಕೇನ್ರಿ, ನಮ್ಮ ಆರ್ಜೂಂದು ಲಗ್ನ ಇನ್ನೂ ಐತಿ," ಎಂದರು ಅಖ್ತರಬೇಗಂ ಸಂಭ್ರಮದಿಂದ. ಆರ್ಜೂ ಅವರ ಎರಡನೆಯ ಮಗಳು.

ಅರ್ಜುನಪ್ಪನವರು ಕ್ಯಾಲೆಂಡರಿನ ಕೊನೆಯ ಹಾಳೆಯತನಕ ತಿರುವಿ ನೋಡಿದರು. ಅದರಲ್ಲಿ ಒಂದೇ ವರ್ಷವಿತ್ತು. ಮತ್ತೆ ಸುರುಳಿ ಸುತ್ತಿ ಚೀಲದಲ್ಲಿಟ್ಟರು. "ಅವಸರ ಇಲ್ಲ ತಮ್ಮಾ. ಕೆಲಸ ಪಕ್ಕಾ ಆಗ್ಲಿ," ಎಂದು ಅಂಬರೀಷನ ಬೆನ್ನು ತಟ್ಟಿದರು. ಮೇಲಧಿಕಾರಿಯ ಮಾತು ಕಿವಿಗೆ ಬಿದ್ದಿತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ಲಗ್ನದ ಮನೆಯ ಊಟ ಉಂಡು ಇಬ್ಬರೂ ಖುಷಿಯಿಂದ ಕಾರು ಹತ್ತಿದರು. ಅಂಬರೀಷ ಪಡಸಾಲೆಯಲ್ಲಿ ಖಾಲಿ ಬುಟ್ಟಿಯ ಪಕ್ಕ ಕೂತ. ಕಿಸೆಯಲ್ಲಿ ಹೊಸ ಸೆಲ್ಲು ಹಾಗೇ ಇತ್ತು. ಫೋನು ಬಡಿಯಿತು.

"ಏನಾತ್ರಿ? ಆತೇನು?" ಕರುಣಾಳ ದನಿಯಲ್ಲಿ ತಡೆಯಲಾರದ ಉತ್ಸಾಹ.

"ಆತು."

"ಹೌದಾ! ಲಗ್ನ ಯಾವಾಗಂತ?"

"ಇವತ್ತ ಮಧ್ಯಾಹ್ನ ಆಗಿಹೋತು."

"ಯಾರದ್ರಿ?"

"ಬ್ರಹ್ಮಚಾರೀದು," ಎಂದ ಅಂಬರೀಷ. ಆಮೇಲೆ ಒಂದೂ ಬಿಡದೆ ಎಲ್ಲ ಹೇಳಿದ. ಆ ಕಡೆಯಿಂದ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಒಂದು ದನಿ ಬಂತು.

"ನೀವಾದ್ರೂ ಮುಂಜಾನಿ ಒಂದ ಬೆರಳ ಹಚ್ಚಿಸ್ಕೋಬಾರದಿತ್ತೇನ್ರಿ?"

ಅಂಬರೀಷ ಫೋನಿಟ್ಟು ಎದ್ದ. ನಾಚಿಕೆ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ, "ಚಾಚಿ, ಆ ಅರಿಷಿಣ ಒಂದೀಟ ಉಳದೈತೇನ್ರಿ?" ಎಂದು ಕೇಳಿದ.

"ಇಲ್ಲಪಾ ಬೇಟಾ. ಅದರ ಬಾಲಕ್ಕ ಸಾಲಲಿಲ್ಲ ಅಂತ ಬಳದ ಹಚ್ಚಿಬಿಟ್ವಿ," ಎಂದರು ಅಖ್ತರಬೇಗಂ, ತೊಳೆದ ಬೋಗುಣಿಯನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತ.